ಎಂಟರ ಹುಡುಗಿ, ಹದಿನಾಲ್ಕರ ಅಂಗಿ

ಮಕ್ಕಳ ಬಟ್ಟೆಗೆ ವಯಸ್ಸಿನ ಚೀಟಿ ಅಂಟಿಸುವ ಪದ್ಧತಿಯನ್ನು ತಂದವರ ಮನೆಯಲ್ಲಿ ಮಕ್ಕಳೇ ಇರಲಿಲ್ಲವೆಂದು ನನಗೆ ಬಲವಾದ ಅನುಮಾನ. ಎಂಟು ವರ್ಷದವರಿಗೆ ಎಂಟರ ಅಂಗಿ, ಹತ್ತು ವರ್ಷದವರಿಗೆ ಹತ್ತರ ಅಂಗಿ. ಮಗು ಮೈ ತುಂಬಿಕೊಂಡಿದ್ದರೆ ಅಂಗಡಿಯವರ ಬಳಿ ಇರುವುದು ಒಂದೇ ಉಪಾಯ: “ಹದಿನಾಲ್ಕರದು ನೋಡಿ ಅಕ್ಕಾ.” ಹದಿನಾಲ್ಕರದು ಹೊಟ್ಟೆಗೆ ಸರಿಹೋಗುತ್ತದೆ, ತೋಳು ಮಾತ್ರ ಬೆರಳು ದಾಟುತ್ತದೆ. ಫ್ರಾಕ್ ಆದರೆ ತೋಳು ಮಡಚಿ, ಅಂಚು ಎತ್ತಿ ಹೊಲಿದು ಹೇಗೋ ನಿಭಾಯಿಸಬಹುದು. ಈಜುಡುಗೆಯ ಮುಂದೆ ಆ ಆಟ ನಡೆಯುವುದಿಲ್ಲ. ಉದ್ದನೆಯ ಹುಡುಗಿಗೆಂದು ಹೊಲಿದದ್ದನ್ನು ಗಿಡ್ಡ ಹುಡುಗಿ ತೊಟ್ಟರೆ ಭುಜದ ಪಟ್ಟಿ ಮೊಣಕೈಗೆ ಜಾರುತ್ತದೆ, ಬೆನ್ನ ಕೆಳಗೆ ಬಟ್ಟೆ ಜೋತುಬೀಳುತ್ತದೆ, ಕೊಳಕ್ಕೆ ಹಾರಿದೊಡನೆ ಒಳಗೆ ನೀರು ನುಗ್ಗುತ್ತದೆ.

ತಂಗಿಯ ಮಗಳಿಗೆ ಈ ಬೇಸಿಗೆಯಲ್ಲಿ ಈಜು ಕಲಿಯುವ ಹಟ. ಬಾಗಲಕೋಟೆಯ ಏಪ್ರಿಲ್ ಬಿಸಿಲು ಕಂಡವರು ಅದನ್ನು ಹಟ ಎನ್ನಲಾರರು, ವಿವೇಕ ಎಂದಾರು. ಆದರೆ ಅಂಗಡಿಯ ಪರದೆಯ ಹಿಂದೆ ಒಂದಾದ ಮೇಲೊಂದು ಉಡುಪು ತೊಟ್ಟು ಬಿಚ್ಚಿ ಹೊರಬಂದವಳು, “ನನಗೆ ಈಜು ಬೇಡ ದೊಡ್ಡವ್ವ” ಎಂದಳು. ಬಟ್ಟೆ ಹಿಡಿಸದಿದ್ದರೆ ಮಕ್ಕಳು ಬಟ್ಟೆಯನ್ನು ಬಯ್ಯುವುದಿಲ್ಲ, ತಮ್ಮ ಮೈಯನ್ನೇ ಬಯ್ದುಕೊಳ್ಳುತ್ತಾರೆ. ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ನಾನು ಹೊಲಿಗೆಗೆ ಕೂರುತ್ತೇನೆ.

ನಮ್ಮ ಕಡೆಯ ಹೊಲಿಗೆಗೆ ಒಂದು ಹಳೆಯ ಚಾಳಿಯಿದೆ. ಗುಳೇದಗುಡ್ಡದ ಖಣದಲ್ಲಿ ಹುಡುಗಿಗೆ ಪರಕರ-ಪೋಲಕ ಹೊಲಿಯಲು ಕೊಟ್ಟರೆ, ಅಳತೆ ಹೇಳುವ ಮೊದಲೇ “ಬೆಳೆಯುವ ಕೂಸು, ಸ್ವಲ್ಪ ಬಿಟ್ಟು ಹೊಲಿಯಿರಿ” ಎನ್ನುತ್ತೇವೆ. ಒಳಗಡೆ ಎರಡು ಬೆರಳು ಬಟ್ಟೆ ಬಿಟ್ಟಿರಬೇಕು, ವರ್ಷ ವರ್ಷ ಒಂದೊಂದು ಹೊಲಿಗೆ ಬಿಚ್ಚಬೇಕು. ಖಣ ಹಿಗ್ಗುವ ಬಟ್ಟೆಯಲ್ಲವಾದ್ದರಿಂದ ಆ ಮುಂದಾಲೋಚನೆ ಸರಿಯೇ. ಹೆಂಗಸರ ಖಣದ ಕುಪ್ಪಸವನ್ನು ಮುಂದೆ ಗಂಟು ಹಾಕಿ ಕಟ್ಟಿಕೊಳ್ಳುತ್ತಿದ್ದುದರಲ್ಲೂ ಅದೇ ಜಾಣತನ: ಬಾಣಂತಿಯಾದರೂ ಸೊರಗಿದರೂ ಗಂಟು ಸರಿಸಿಕೊಂಡರಾಯಿತು. ಈಜುಡುಗೆ ಈ ಲೆಕ್ಕವನ್ನೆಲ್ಲ ತಲೆಕೆಳಗು ಮಾಡುತ್ತದೆ. ಇಲ್ಲಿ ಮೈಗಿಂತ ಬಟ್ಟೆ ಚಿಕ್ಕದಿರಬೇಕು. 30 ಇಂಚಿನ ನಡುವಿಗೆ 27 ಇಂಚಿನ ಬಟ್ಟೆ ಕತ್ತರಿಸಬೇಕು. ಮೊದಲೇ ದಪ್ಪಗಿರುವ ಮಗುವಿಗೆ ಚಿಕ್ಕದು ಹೊಲಿಯುತ್ತಿದ್ದಾಳಲ್ಲ ಎಂದು ನಮ್ಮ ಆಯಿ ನನ್ನ ಕತ್ತರಿಯನ್ನೇ ಹಿಡಿದುಕೊಂಡಳು.

ಅವಳಿಗೆ ಬಟ್ಟೆ ಎಳೆದು ತೋರಿಸಬೇಕಾಯಿತು. ನೈಲಾನಿನ ಜೊತೆ ಸ್ಪ್ಯಾಂಡೆಕ್ಸ್ ಎಳೆ ಸೇರಿಸಿ ಹೆಣೆದ ಬಟ್ಟೆ ಅದು, ಉದ್ದಕ್ಕೂ ಅಡ್ಡಕ್ಕೂ ಹಿಗ್ಗುತ್ತದೆ; ಲೈಕ್ರಾ ಎನ್ನುವುದು ಆ ಎಳೆಗೆ ಕಂಪನಿ ಇಟ್ಟ ಹೆಸರು. ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ಜೋಸೆಫ್ ಶಿವರ್ಸ್ ಎಂಬ ರಸಾಯನ ವಿಜ್ಞಾನಿ 1958ರಲ್ಲಿ ಇದನ್ನು ರೂಪಿಸಿದ. ಹೆಂಗಸರು ನಡು ಸಣ್ಣದಾಗಿ ಕಾಣಲೆಂದು ಬಿಗಿದುಕೊಳ್ಳುತ್ತಿದ್ದ ಒಳಉಡುಪಿನ ರಬ್ಬರಿಗೆ ಬದಲಿ ಹುಡುಕುವುದು ಅವನ ಕೆಲಸವಾಗಿತ್ತು. ಮೈಯನ್ನು ಅದುಮಲೆಂದು ಹುಟ್ಟಿದ ಎಳೆ ಈಗ ಮೈ ಕೇಳಿದಷ್ಟು ಜಾಗ ಬಿಟ್ಟುಕೊಡುತ್ತಿದೆ. ಶಿವರ್ಸನ ಹೆಸರು ಕೇಳಿ ಆಯಿ “ಶಿವನ ಪೈಕಿಯವನೇ?” ಎಂದಳು. ಕತ್ತರಿ ವಾಪಸು ಸಿಕ್ಕಿತು.

ಇನ್ನು ಅಳತೆ. ಎದೆ, ನಡು, ಸೊಂಟ ಎಲ್ಲ ದರ್ಜಿಗಳೂ ಅಳೆಯುತ್ತಾರೆ. ಈಜುಡುಗೆಯ ಗುಟ್ಟು ಇನ್ನೊಂದು ಅಳತೆಯಲ್ಲಿದೆ. ಭುಜದ ನಡುವಿನಿಂದ ಟೇಪು ಇಳಿಸಿ, ಎದೆ ಹೊಟ್ಟೆಯ ಮೇಲೆ ಹಾಯಿಸಿ, ಕಾಲ ಸಂದಿಯಿಂದ ಹಿಂದಕ್ಕೆ ತಂದು, ಬೆನ್ನು ಹತ್ತಿಸಿ ಅದೇ ಭುಜಕ್ಕೆ ಮುಟ್ಟಿಸಬೇಕು. ಹುಡುಗಿ ಕಚಗುಳಿಯಾಗಿ ಕುಣಿದಳು, ಟೇಪು ಜಾರಿತು, ಮತ್ತೆ ಹಿಡಿದೆ. ಈ ಸುತ್ತು ಕಡಿಮೆಯಾದರೆ ಮೇಲೆ ಪಟ್ಟಿ ಭುಜ ಕೊರೆಯುತ್ತದೆ, ಕೆಳಗೆ ಬಟ್ಟೆ ಮೇಲೇರುತ್ತದೆ. ಈಜುಕೊಳದ ಮೆಟ್ಟಿಲು ಹತ್ತುವಾಗ ಎರಡು ಬೆರಳಿನಿಂದ ಹಿಂದಿನ ಅಂಚು ಎಳೆದುಕೊಳ್ಳುತ್ತಲೇ ಬರುವ ಮಕ್ಕಳನ್ನು ನೋಡಿದ್ದೀರಲ್ಲ, ಅವರ ಉಡುಪಿನ ತಪ್ಪು ಇದೇ. ಸುತ್ತು ಹೆಚ್ಚಾದರೆ ಮೊದಲು ಹೇಳಿದ ಜೋತುಬೀಳುವ ಸಂಕಟ.

ಆದ್ದರಿಂದ ಕಾಗದದ ಮೇಲೆ ಅಗಲವನ್ನು ಅವಳ ನಡುವಿನಿಂದ ತೆಗೆದುಕೊಂಡೆ, ಉದ್ದವನ್ನು ಭುಜದಿಂದ ಭುಜಕ್ಕೆ ಹಿಡಿದ ಆ ಸುತ್ತಿನಿಂದ. ಮುಂಭಾಗಕ್ಕೆ ಹಿಂಭಾಗಕ್ಕಿಂತ ಹೆಚ್ಚು ಬಟ್ಟೆ ಬೇಕು, ಹೊಟ್ಟೆ ಇರುವುದು ಮುಂದೆ ತಾನೆ! ಸಿದ್ಧ ಉಡುಪಿನವರು ಅಳತೆ ದೊಡ್ಡದು ಮಾಡುವಾಗ ಸುತ್ತಲೂ ಒಂದೇ ಸಮನೆ ಹಿಗ್ಗಿಸಿಬಿಡುತ್ತಾರೆ, ಕುತ್ತಿಗೆ ಕೂಡ ಅಗಲವಾಗುತ್ತದೆ. ಹೊಟ್ಟೆ ಬಂದವರಿಗೆಲ್ಲ ಕುತ್ತಿಗೆಯೂ ದಪ್ಪವಾಗುತ್ತದೆಯೇ?

ತೊಡೆಯ ವಿಷಯದಲ್ಲಿ ನಾನು ಹೆಚ್ಚು ಹೊತ್ತು ಯೋಚಿಸಿದೆ. ತೊಡೆಗಳು ಒಂದಕ್ಕೊಂದು ಉಜ್ಜುವ ಮಗುವಿಗೆ ಒದ್ದೆ ಬಟ್ಟೆಯ ಅಂಚು ಅಲ್ಲೇ ಬಂದರೆ ಚರ್ಮ ಕೆಂಪಗಾಗಿ ಉರಿಯುತ್ತದೆ. ಕಾಲನ್ನು ತೊಡೆಯ ಅರ್ಧಕ್ಕೆ ಇಳಿಸಿ ಚಡ್ಡಿಯಂತೆ ಮಾಡಿದೆ. ಹಳೆಯ ಪೈಜಾಮಗಳ ಸಂದಿಯಲ್ಲಿ ಇಡುತ್ತಿದ್ದರಲ್ಲ, ಅಂಥ ಚೌಕದ ತುಂಡೊಂದನ್ನು ಸೇರಿಸಿದೆ. ನಾಲ್ಕು ಹೊಲಿಗೆ ಒಂದೇ ಬಿಂದುವಿನಲ್ಲಿ ಗುಡ್ಡೆಯಾಗಿ ಚುಚ್ಚುವುದು ಇದರಿಂದ ತಪ್ಪುತ್ತದೆ, ಕಾಲು ಅಗಲಿಸಿ ನೀರು ಒದೆಯಲು ಜಾಗವೂ ಸಿಗುತ್ತದೆ.

ಹೊಲಿಯುವುದು ಅಷ್ಟೇನೂ ಕಷ್ಟವಲ್ಲ, ಸಾಮಾನು ಸರಿ ಇರಬೇಕು. ಮೊನೆ ದುಂಡಗಿರುವ ಸೂಜಿ ಎಳೆಗಳನ್ನು ಪಕ್ಕಕ್ಕೆ ಸರಿಸಿಕೊಂಡು ಇಳಿಯುತ್ತದೆ; ಮಾಮೂಲಿ ಸೂಜಿ ಎಳೆಯನ್ನೇ ಕತ್ತರಿಸಿ ತೂತು ಬೀಳಿಸುತ್ತದೆ. ದಾರ ಪಾಲಿಯೆಸ್ಟರಿನದು. ಹೊಲಿಗೆ ಜಿಗ್‌ಜಾಗ್ ಆಗಿರಬೇಕು, ನೇರ ಹೊಲಿಗೆ ಹಾಕಿದರೆ ಮಗು ತೊಡುವಾಗಲೇ ಪಟಪಟನೆ ಹರಿಯುತ್ತದೆ. ನನ್ನ ಕಾಲು ತುಳಿಯುವ ಮಷಿನ್ ನೇರ ಮಾತ್ರ ಬಲ್ಲದು. ಪಕ್ಕದ ಮನೆಯವರ ಕರೆಂಟಿನ ಮಷಿನ್ ಕಡ ತಂದು ಮುಗಿಸಿದೆ.

ಬಣ್ಣದ ಪಂಚಾಯಿತಿಗೆ ಮಾತ್ರ ಮನೆಯವರೆಲ್ಲ ಸೇರಿದರು. ದಪ್ಪಗಿದ್ದವರಿಗೆ ಕಪ್ಪು, ಇಲ್ಲವೇ ಉದ್ದ ಗೆರೆ; ಇದನ್ನು ಹೇಳಲು ಯಾರಿಗೂ ಕಲಿಸಬೇಕಾಗಿಲ್ಲ. ಹುಡುಗಿಗೆ ಕಿತ್ತಳೆ ಬೇಕಿತ್ತು. ನನ್ನ ಮತ ಕಿತ್ತಳೆಗೆ ಬಿತ್ತು, ಅದಕ್ಕೆ ಕಾರಣವನ್ನೂ ಕೊಟ್ಟೆ: ನೀರಿನಲ್ಲಿ ನೀಲಿ ಬಣ್ಣ ಕರಗಿಹೋಗುತ್ತದೆ, ಕಪ್ಪು ನೆರಳಿನ ಹಾಗೆ ಕಾಣುತ್ತದೆ, ಕಿತ್ತಳೆ ದಡದಿಂದಲೇ ಕಣ್ಣಿಗೆ ಹೊಡೆಯುತ್ತದೆ. ಈಜು ಬಾರದ ಮಗು ಎದ್ದು ಕಾಣಬೇಕು. ನಾನು ಚಿಕ್ಕವಳಿದ್ದಾಗ ಹೊಲದ ಬಾವಿಗೆ ಹಾರುತ್ತಿದ್ದವರು ಹುಡುಗರು ಮಾತ್ರ, ಬೆನ್ನಿಗೆ ಒಣ ಬೆಂಡಿನ ಕಟ್ಟು ಬಿಗಿದುಕೊಂಡು, ಲಂಗೋಟಿಯಲ್ಲಿ. ಅವರಲ್ಲಿ ದಪ್ಪಗಿದ್ದವರ ಲಂಗೋಟಿಗೆ ಯಾರೂ ಬಣ್ಣ ಸೂಚಿಸಿದ ನೆನಪಿಲ್ಲ. ನಾವು ಹುಡುಗಿಯರು ದಡದಲ್ಲಿ ಅವರ ಅಂಗಿ ಕಾಯುತ್ತಿದ್ದೆವು.

ಉಡುಪು ಮುಗಿದರೂ ಮನೆಯಲ್ಲಿ ಜಗಳ ಮುಗಿದಿಲ್ಲ. ಕೊಳದ ಕ್ಲೋರಿನ್ ಸ್ಪ್ಯಾಂಡೆಕ್ಸ್ ಎಳೆಯನ್ನು ತಿನ್ನುತ್ತದೆ, ಉಳಿದದ್ದನ್ನು ಬಿಸಿಲು ಮುಗಿಸುತ್ತದೆ. ಬಂದ ಕೂಡಲೇ ತಣ್ಣೀರಿನಲ್ಲಿ ಜಾಲಿಸಿ, ಹಿಂಡದೆ, ನೆರಳಿನಲ್ಲಿ ಹರವಬೇಕು ಎಂದು ನಾನು. ಬಿಸಿಲು ಕಾಣದ ಬಟ್ಟೆಗೆ ಮುಗ್ಗಲು ಹಿಡಿಯುತ್ತದೆ ಎಂದು ಆಯಿ. ಅವಳು ಮಾಳಿಗೆಯ ಮೇಲೆ ಹಾಕುತ್ತಾಳೆ, ನಾನು ಪಡಸಾಲೆಗೆ ತರುತ್ತೇನೆ, ಅವಳು ಮತ್ತೆ ಹೊತ್ತೊಯ್ಯುತ್ತಾಳೆ. ಅಷ್ಟರಲ್ಲಿ ಹುಡುಗಿ ಹಸಿ ಆರದ ಕಿತ್ತಳೆಯನ್ನೇ ತೊಟ್ಟು, ಮೇಲೊಂದು ಟವೆಲ್ ಸುತ್ತಿಕೊಂಡು, ಅವರಪ್ಪನ ಸ್ಕೂಟರಿನ ಹಿಂದೆ ಕುಳಿತು ಹಾರ್ನ್ ಬಾರಿಸಲು ಹೇಳುತ್ತಿರುತ್ತಾಳೆ.