ನಲವತ್ತಾರರ ಪ್ಲಿಯೇ

ಬ್ಯಾಲೆ ತರಗತಿಗೆಂದು ನಾನು ತರಿಸಿಕೊಂಡ ಪಾದರಕ್ಷೆಗಳಿಗೆ ಎಲಾಸ್ಟಿಕ್ ಪಟ್ಟಿ ಹೊಲಿದಿರಲಿಲ್ಲ. ಅದನ್ನು ತೊಡುವವರೇ ತಮ್ಮ ಪಾದಕ್ಕೆ ಸರಿಹೊಂದುವಂತೆ ಹೊಲಿದುಕೊಳ್ಳಬೇಕು ಎಂಬ ಸಂಗತಿ ತಿಳಿದದ್ದು ಮೊದಲ ತರಗತಿಯ ಹಿಂದಿನ ದಿನ ಸಂಜೆ. ಸೀರೆಗೆ ಫಾಲ್ ಹಚ್ಚಿಕೊಡುವ ನಮ್ಮ ಬೀದಿಯ ಟೈಲರ್ ಬಳಿಗೆ ಓಡಿದೆ. ಅವರು ಆ ತೆಳುಗುಲಾಬಿ ಬಣ್ಣದ ಕ್ಯಾನ್ವಾಸ್ ಪಾದರಕ್ಷೆಗಳನ್ನು ತಿರುಗಿಸಿ ನೋಡಿ, "ಮಗು ಎಷ್ಟನೇ ಕ್ಲಾಸಮ್ಮ?" ಎಂದು ವಿಚಾರಿಸಿದರು. "ಸೆಕೆಂಡ್ ಪಿಯುಸಿ" ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ; ನನ್ನ ಮಗಳು ಆಗ ಎರಡನೇ ಪಿಯುಸಿಯಲ್ಲೇ ಓದುತ್ತಿದ್ದಳು. ಪಾದರಕ್ಷೆ ಮಾತ್ರ ಅವಳದಾಗಿರಲಿಲ್ಲ.

ಹತ್ತರಿಂದ ಹನ್ನೆರಡನೆಯ ವಯಸ್ಸಿನವರೆಗೆ ನಾನು ಭರತನಾಟ್ಯ ಕಲಿತಿದ್ದೆ. ಭರತನಾಟ್ಯ ಕಲಿತೆ ಎನ್ನುವುದಕ್ಕಿಂತ ಅದರ ಮೊದಲ ಪಾಠವಾದ, ಪಾದದಿಂದ ನೆಲ ತಟ್ಟುವ ತಟ್ಟಡವು ಕಲಿತೆ ಎನ್ನುವುದು ಹೆಚ್ಚು ಪ್ರಾಮಾಣಿಕವಾದೀತು. ಮರದ ಕೋಲಿನಿಂದ ತಾಳ ತಟ್ಟುತ್ತಿದ್ದ ನಮ್ಮ ಟೀಚರು ಹೆಜ್ಜೆಯ ಸದ್ದು ಬೀದಿಯವರೆಗೆ ಕೇಳಬೇಕು ಎನ್ನುತ್ತಿದ್ದರು, ನಾನು ಕೇಳಿಸುತ್ತಿದ್ದೆ. ಜೂನಿಯರ್ ಪರೀಕ್ಷೆಯಲ್ಲಿ ನಪಾಸಾದ ದಿನವೂ ನನ್ನ ಬಗ್ಗೆ ಬಂದ ಏಕೈಕ ಪ್ರಶಂಸೆ "ಹುಡುಗಿ ನೆಲವನ್ನು ಚೆನ್ನಾಗಿ ತಟ್ಟುತ್ತಾಳೆ" ಎಂಬುದಾಗಿತ್ತು. ಅಲ್ಲಿಗೆ ನಿಂತ ನೃತ್ಯವು 34 ವರ್ಷಗಳ ಬಳಿಕ, ಬೆಂಗಳೂರಿನಲ್ಲಿ ದೊಡ್ಡವರಿಗೂ ಬ್ಯಾಲೆ ಕಲಿಸುವವರಿದ್ದಾರೆ ಎಂದು ಮಗಳು ಬಾಯಿ ತಪ್ಪಿ ಹೇಳಿದ್ದರಿಂದ ಮತ್ತೆ ಆರಂಭವಾಯಿತು.

ಬ್ಯಾಲೆಯ ಪಾಠ ಗೋಡೆಯುದ್ದಕ್ಕೂ ಸೊಂಟದೆತ್ತರದಲ್ಲಿ ಹಾಕಿದ ಮರದ ಕಂಬಿಯನ್ನು ಹಿಡಿದುಕೊಂಡು ಶುರುವಾಗುತ್ತದೆ. ಆ ಕಂಬಿಗೆ ಬಾರ್ ಎಂದು ಹೆಸರು. "ಮೊದಲ ಅರ್ಧ ಗಂಟೆ ಬಾರಿನಲ್ಲೇ ಕಳೆದೆವು" ಎಂದು ಅತ್ತೆಯವರ ಮುಂದೆ ಒಮ್ಮೆ ಹೇಳಿ ನಾನು ಪಟ್ಟ ಪಾಡನ್ನು ಇಲ್ಲಿ ವಿವರಿಸುವುದಿಲ್ಲ. ಕಂಬಿ ಹಿಡಿದು ಮಾಡುವ ಮೊಟ್ಟಮೊದಲ ಅಭ್ಯಾಸವೇ ಪ್ಲಿಯೇ, ಅಂದರೆ ಹಿಮ್ಮಡಿ ಎತ್ತದೆ, ಬೆನ್ನು ಬಾಗಿಸದೆ ಮೊಣಕಾಲುಗಳನ್ನು ಪಕ್ಕಕ್ಕೆ ಮಡಿಸುವುದು. ನೋಡಲು ಇದು ಭರತನಾಟ್ಯದಲ್ಲಿ ಮೊಣಕಾಲು ಮಡಿಸಿ ಅರ್ಧ ಕೂರುವ ನಮ್ಮ ಅರಮಂಡಿಯ ಒಡಹುಟ್ಟಿನಂತೆಯೇ ಇದ್ದುದರಿಂದ ನಾನು ಬಹಳ ಆತ್ಮವಿಶ್ವಾಸದಿಂದ ಕುಳಿತೆ, ಮತ್ತು ಕುಳಿತೇ ಇದ್ದೆ. ಉಳಿದವರೆಲ್ಲ ಎದ್ದು, ಇನ್ನೊಮ್ಮೆ ಇಳಿದು, ಮತ್ತೆ ಎದ್ದರು. ಅರಮಂಡಿಯಲ್ಲಿ ಕುಳಿತವರು ಏಳುವಂತಿಲ್ಲ, ಪ್ಲಿಯೇಯಲ್ಲಿ ಇಳಿದವರು ಕೂರುವಂತಿಲ್ಲ ಎಂಬ ಭೇದ ನನ್ನ ತೊಡೆಗಳಿಗೆ ಅರ್ಥವಾಗಲು ನಾಲ್ಕು ತಿಂಗಳು ಬೇಕಾಯಿತು.

ಪಾದಗಳನ್ನು ಹೊರಕ್ಕೆ ತಿರುಗಿಸುವ ಕ್ರಮ ಎರಡು ನೃತ್ಯಗಳಲ್ಲೂ ಇದೆಯಲ್ಲ, ಇಲ್ಲಾದರೂ ಗೆದ್ದೆ ಎಂದುಕೊಂಡೆ. ಆ ತಿರುವು ಸೊಂಟದ ಕೀಲಿನಿಂದ ಬರಬೇಕಂತೆ. ನಾನಾದರೋ ಪಾದಗಳನ್ನು ಒಂಬತ್ತೂಕಾಲು ಗಂಟೆಯ ಮುಳ್ಳುಗಳಂತೆ ಮೊದಲೇ ಇಟ್ಟುಬಿಟ್ಟು, ಮೊಣಕಾಲುಗಳಿಗೆ ಆಮೇಲೆ ಬನ್ನಿ ಎಂದಿದ್ದೆ. ಅವು ಬರಲಿಲ್ಲ, ಆ ರಾತ್ರಿ ಮೆಟ್ಟಿಲು ಹತ್ತುವಾಗ ತಮ್ಮ ಅಹವಾಲನ್ನು ಮಾತ್ರ ಸಲ್ಲಿಸಿದವು. ಕೈಗಳ ಸ್ಥಿತಿ ಇನ್ನೂ ಕಷ್ಟದ್ದಾಗಿತ್ತು. ಬ್ಯಾಲೆಯಲ್ಲಿ ಬೆರಳುಗಳು ಸಡಿಲವಾಗಿ, ಯಾವ ಅರ್ಥವನ್ನೂ ಹೇಳದೆ ಇರಬೇಕು. ನನ್ನ ಬಲಗೈ ಎದೆಯ ಮುಂದೆ ಬಂದೊಡನೆ ತಾನಾಗಿಯೇ ಹೂ ಹಿಡಿದಂತೆ ಕಾಣುವ ಕಟಕಾಮುಖ ಮುದ್ರೆಯಾಗುತ್ತಿತ್ತು. ನನಗಿಂತ ಇಪ್ಪತ್ತು ವರ್ಷ ಚಿಕ್ಕವರಾದ ನಮ್ಮ ಮಿಸ್ ಅದನ್ನು ಕೆಲಹೊತ್ತು ನೋಡಿ, ಆ ಹೂವನ್ನು ದಯವಿಟ್ಟು ಕೆಳಗಿಡಿ ಎಂದು ವಿನಯದಿಂದ ಕೇಳಿಕೊಂಡರು.

ಹೆಸರುಗಳ ಗೋಜಲು ಬೇರೆ. 1661ರಲ್ಲಿ ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ದೊರೆ ನೃತ್ಯಕ್ಕೆಂದೇ ಒಂದು ಅಕಾಡೆಮಿ ಸ್ಥಾಪಿಸಿ ಹೆಜ್ಜೆಗಳಿಗೆ ಕಟ್ಟುಪಾಡು ಮಾಡಿಸಲು ಹೊರಟನಂತೆ. ಜಗತ್ತಿನ ಯಾವ ಊರಿನಲ್ಲಿ ಕಲಿತರೂ ಹೆಜ್ಜೆಗಳ ಹೆಸರು ಇಂದಿಗೂ ಫ್ರೆಂಚಿನಲ್ಲೇ ಇವೆ. ಅವುಗಳನ್ನು ಮರೆಯದಿರಲೆಂದು ನಾನು ಪುಸ್ತಕವೊಂದರಲ್ಲಿ ಕನ್ನಡದಲ್ಲಿ ಬರೆದುಕೊಂಡೆ. ಬೆಕ್ಕಿನ ನೆಗೆತಕ್ಕೆ "ಪ ದ ಶಾ", ಮೂರು ಪುಟ್ಟ ಹೆಜ್ಜೆಗಳ ಸರಣಿಗೆ "ಪ ದ ಬುರೇ" ಎಂದು. ಸಂಗೀತ ಕೇಳುವ ಹವ್ಯಾಸವಿರುವ ನಮ್ಮ ಯಜಮಾನರು ಊಟದ ಮೇಜಿನ ಮೇಲಿದ್ದ ಆ ಪುಸ್ತಕ ತೆರೆದು ಗಂಭೀರವಾಗಿ ಓದಿ, "ಹಾಡಕ್ಕೆ ಸೇರಿದ್ದೀಯಾ? ನಿಷಾದ ಬಿಟ್ಟಿದ್ದಾರೆ ಅಂದ್ರೆ ಮೋಹನ ರಾಗ ಇರಬೇಕು. ಆದ್ರೆ 'ಸಾ' ಬರೆಯೋದಕ್ಕೆ 'ಶಾ' ಅಂತ ಯಾಕೆ ಬರೆದಿದ್ದೀಯೆ?" ಎಂದರು. ಗಂಡನಿಗೆ ವಿಷಯ ತಿಳಿಸಿರಲಿಲ್ಲವೆಂಬುದು ನನಗೂ ಆಗಲೇ ನೆನಪಾಯಿತು.

ಗುಟ್ಟು ಬಯಲಾದ ಮೇಲೆ ಮನೆಯಲ್ಲೇ ಅಭ್ಯಾಸ ಆರಂಭಿಸಿದೆ. ಅಡುಗೆಮನೆಯ ಗ್ರಾನೈಟ್ ಕಟ್ಟೆ ಕಂಬಿಯಷ್ಟೇ ಎತ್ತರವಿದ್ದುದರಿಂದ ಬೆಳಿಗ್ಗೆ ಆರಕ್ಕೆ, ಹಾಲು ಉಕ್ಕುವುದನ್ನು ಕಾಯುತ್ತಾ, ಅದನ್ನೇ ಹಿಡಿದು ನಿಲ್ಲುತ್ತಿದ್ದೆ. ಕಾಲನ್ನು ನೇರವಾಗಿ ಬೀಸಿ ಮೇಲಕ್ಕೆತ್ತುವ ಗ್ರಾಂ ಬಾತ್ಮಾಂ ಎಂಬ ಅಭ್ಯಾಸವನ್ನು ಒಗ್ಗರಣೆ ಡಬ್ಬಿಯ ಪಕ್ಕದಲ್ಲಿ ಮಾಡಬಾರದೆಂದು ಯಾವ ಫ್ರೆಂಚ್ ದೊರೆಯೂ ಬರೆದಿಟ್ಟಿಲ್ಲ. ಡಬ್ಬಿ ಬಿತ್ತು, ಸಾಸಿವೆ ನೆಲದ ತುಂಬ ಉರುಳಿತು, ಆ ಸಾಸಿವೆಯ ಮೇಲೆ ನಾನು ಯಾವ ಪುಸ್ತಕದಲ್ಲೂ ಹೆಸರಿಲ್ಲದ ಒಂದು ಹೆಜ್ಜೆ ಹಾಕಿದೆ. ಸದ್ದಿಗೆ ಎದ್ದು ಬಂದ ನನ್ನ ಅಮ್ಮನಿಗೆ, ನೆಲದಲ್ಲಿ ಕುಳಿತುಕೊಂಡೇ, ಭರತನಾಟ್ಯಕ್ಕೆ ಹೆಸರಾದ ರುಕ್ಮಿಣಿದೇವಿ ಅರುಂಡೇಲ್ ಅವರೂ ಮೊದಲು ಕಲಿತದ್ದು ಬ್ಯಾಲೆಯನ್ನೇ, ಭರತನಾಟ್ಯಕ್ಕೆ ಬಂದದ್ದು ಆಮೇಲೆ, 1935ರಲ್ಲಿ ಮದ್ರಾಸಿನ ಅಡ್ಯಾರಿನಲ್ಲಿ ರಂಗವೇರಿದಾಗ ಅವರಿಗೆ 31 ವರ್ಷ ಎಂದು ವಿವರಿಸಿದೆ. ಅಮ್ಮ ಪೊರಕೆ ಕೊಡುತ್ತಾ, "ಅವರು ಮಾರನೇ ವರ್ಷ ಕಲಾಕ್ಷೇತ್ರ ಅನ್ನೋ ನೃತ್ಯಶಾಲೆ ಕಟ್ಟಿದ್ರು. ನೀನು ಸದ್ಯಕ್ಕೆ ಸಾಸಿವೆ ಬಳಿ" ಎಂದಳು.

ತರಗತಿಯಲ್ಲಿ ಸುತ್ತು ಹಾಕುವುದನ್ನು ಕಲಿಸಿದ ದಿನ ಇನ್ನೊಂದು ಅವಾಂತರವಾಯಿತು. ಒಂಟಿ ಕಾಲಿನ ಮೇಲೆ ತಿರುಗುವಾಗ ತಲೆ ಸುತ್ತಬಾರದೆಂದರೆ ಎದುರಿನ ಒಂದು ಬಿಂದುವಿನಲ್ಲಿ ದೃಷ್ಟಿ ನೆಟ್ಟು, ಮೈ ತಿರುಗಿದರೂ ತಲೆಯನ್ನು ಸಾಧ್ಯವಾದಷ್ಟು ಹೊತ್ತು ಅಲ್ಲೇ ಉಳಿಸಿಕೊಂಡು, ಕೊನೆಯ ಗಳಿಗೆಯಲ್ಲಿ ಸರಕ್ಕನೆ ಹೊರಳಿಸಿ ಮತ್ತೆ ಅದೇ ಬಿಂದುವನ್ನು ಹಿಡಿಯಬೇಕು. ನಾನು ಕಿಟಕಿಯ ಬಳಿ ನೇತುಹಾಕಿದ್ದ ಕೆಂಪು ಬ್ಯಾಗೊಂದನ್ನು ಆರಿಸಿಕೊಂಡೆ. ಮೊದಲ ಸುತ್ತು ನನಗೇ ಅಚ್ಚರಿಯಾಗುವಷ್ಟು ಚೆನ್ನಾಗಿ ಬಂತು. ಎರಡನೆಯ ಸುತ್ತಿನ ನಡುವೆ, ಆಫೀಸಿನ ಮೀಟಿಂಗಿಗೆ ತಡವಾಗುತ್ತಿದ್ದ ಹುಡುಗಿಯೊಬ್ಬಳು ಆ ಬ್ಯಾಗನ್ನು ತೆಗೆದುಕೊಂಡು ಬಾಗಿಲ ಕಡೆ ನಡೆದಳು. ನನ್ನ ದೃಷ್ಟಿ ಬ್ಯಾಗಿನ ಹಿಂದೆ ಹೋಯಿತು, ತಲೆ ದೃಷ್ಟಿಯ ಹಿಂದೆ ಹೋಯಿತು, ಉಳಿದ 68 ಕಿಲೋ ತಲೆಯ ಹಿಂದೆ ಹೋಗಿ ಪಿಯಾನೋ ಸಂಗೀತ ಬರುತ್ತಿದ್ದ ಸ್ಪೀಕರನ್ನು ಅಪ್ಪಿಕೊಂಡಿತು.

ಬೆರಳ ತುದಿಯಲ್ಲಿ ಯಾವಾಗ ನಿಲ್ಲುತ್ತೀಯ ಎಂದು ನೆಂಟರೆಲ್ಲ ಕೇಳುತ್ತಾರೆ. ಅದಕ್ಕೆ ಗಟ್ಟಿ ತುದಿಯ ಬೇರೆಯೇ ಪಾದರಕ್ಷೆ ಬೇಕು, ಅದಕ್ಕೂ ಮೊದಲು ಕಣಕಾಲಿಗೆ ಕಸುವು ಬೇಕು. ಮಕ್ಕಳಾದರೆ ಮೂಳೆ ಬಲಿಯಲೆಂದು ಕಾಯುತ್ತಾರೆ, ನನ್ನ ಮೂಳೆಗಳು ಎಂದೋ ಬಲಿತು ಈಗ ಇಳಿಮುಖವಾಗಿವೆ. ನಮ್ಮ ಮಿಸ್‌ಗೆ ಆ ಚಿಂತೆ ಇರಲಿಲ್ಲ. ಅವರಿಗೆ ಬೇಕಾಗಿದ್ದದ್ದು ನಾನು ಸದ್ದಿಲ್ಲದೆ ನೆಲಕ್ಕೆ ಇಳಿಯುವುದು. ನೆಗೆದ ಮೇಲೆ ಮೊದಲು ಬೆರಳು, ಅನಂತರ ಪಾದದ ಉಬ್ಬು, ಕೊನೆಗೆ ಹಿಮ್ಮಡಿ, ಅಷ್ಟರಲ್ಲಿ ಮೊಣಕಾಲು ಮಡಿದಿರಬೇಕು. ನನ್ನ ಪಾದಗಳೋ ಜೂನಿಯರ್ ಪರೀಕ್ಷೆಯ ಪ್ರಶಂಸೆಯನ್ನು ಮರೆಯದೆ ಇಡಿಯಾಗಿ ಒಮ್ಮೆಲೇ ಅಪ್ಪಳಿಸುತ್ತಿದ್ದವು. ಬ್ಯಾಲೆಯ ಅಭ್ಯಾಸಕ್ರಮದಲ್ಲಿ ನೆಗೆತಗಳು ಬರುವುದು ಕೊನೆಯಲ್ಲಾದ್ದರಿಂದ, ಮನೆಯಲ್ಲಿ ದಿನವೂ ಸರಿಯಾಗಿ ಆರೂಮುಕ್ಕಾಲಿಗೆ ಈ ಅಪ್ಪಳಿಕೆ ನಡೆಯುತ್ತಿತ್ತು.

ಮೊದಲ ತಿಂಗಳಲ್ಲೇ ಕೆಳಗಿನ ಮನೆಯ ಹುಡುಗಿ ಮೇಲೆ ಬಂದು, "ಆಂಟಿ, ಬೆಳಿಗ್ಗೆ ಬೆಳಿಗ್ಗೆ ಏನೋ ಕುಟ್ತೀರಲ್ಲ?" ಎಂದು ಕೇಳಿದ್ದಳು. ಬಾಯಿಗೆ ಬಂದಂತೆ "ಚಟ್ನಿಪುಡಿ ಕಣಮ್ಮ" ಎಂದೆ. ಮರುದಿನ ಅವಳು ಸ್ಟೀಲ್ ಡಬ್ಬಿ ಹಿಡಿದುಕೊಂಡು ಬಂದಳು. ಅಂಗಡಿಯಿಂದ ಕಾಲು ಕಿಲೋ ತಂದು ತುಂಬಿಸಿಕೊಟ್ಟೆ. ಮನೆಯಲ್ಲಿ ಕುಟ್ಟಿದ್ದರ ರುಚಿಯೇ ಬೇರೆ ಎಂದು ಅವಳು ಕೊಂಡಾಡಿದ್ದರಿಂದ ಆ ಡಬ್ಬಿ ತಿಂಗಳಿಗೊಮ್ಮೆ ಬರುವುದು ರೂಢಿಯಾಯಿತು.

ಎರಡು ವರ್ಷ ಹೀಗೇ ಕಳೆಯಿತು. ಕಳೆದ ತಿಂಗಳು ಒಂದು ಬೆಳಿಗ್ಗೆ ಎಂಟು ನೆಗೆತ ಮುಗಿಸಿ ನಿಂತಾಗ ಮನೆಯಲ್ಲಿ ಫ್ರಿಜ್ಜಿನ ಗುಂಯ್‌ಗುಡುವಿಕೆಯೊಂದೇ ಕೇಳುತ್ತಿತ್ತು. ಮರುದಿನವೂ ಹಾಗೇ. ಆ ವಾರವೆಲ್ಲ ಯಾರಿಗೂ ಹೇಳದೆ ಒಳಗೊಳಗೇ ಹಿಗ್ಗಿದೆ. ಶನಿವಾರ ಕೆಳಗಿನ ಮನೆಯವಳು ಬೇಸರದ ಮುಖ ಹೊತ್ತು ಬಂದಳು. "ಆಂಟಿ, ತಪ್ಪು ತಿಳ್ಕೋಬೇಡಿ. ಚಟ್ನಿಪುಡಿ ಕುಟ್ಟೋದು ನಿಲ್ಲಿಸಿಬಿಟ್ರಾ? ನಿಮ್ಮ ಸದ್ದು ಕೇಳಿದ ಮೇಲೇ ನಾನು ಮಗನ್ನ ಎಬ್ಬಿಸ್ತಿದ್ದೆ. ಈ ವಾರ ಎರಡು ದಿನ ಸ್ಕೂಲ್ ವ್ಯಾನ್ ತಪ್ಪಿಹೋಯ್ತು" ಎಂದಳು.

ಈಗ ನೆಗೆತಗಳನ್ನು ಸದ್ದಿಲ್ಲದೆ ಮುಗಿಸಿದ ಮೇಲೆ ಗುಲಾಬಿ ಪಾದರಕ್ಷೆಗಳನ್ನು ಬಿಚ್ಚಿಟ್ಟು, ಆರೂಮುಕ್ಕಾಲಿಗೆ ಸರಿಯಾಗಿ, ಅವಳ ಮಗನಿಗಾಗಿ ಎಂಟು ತಟ್ಟಡವು ಹಾಕುತ್ತೇನೆ. ಅವು ಈಗಲೂ ಚೆನ್ನಾಗಿಯೇ ಬರುತ್ತವೆ.