ಬಾಯಿದ್ದವನ ಬರಗಾಲ

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆಯನ್ನು ಕಟ್ಟಿದವರು ಯಾರೋ ತಿಳಿಯದು. ಅವರು ಮೊಬೈಲ್ ಕಂಪನಿಯ ಗ್ರಾಹಕ ಸೇವೆಗೆ ಒಮ್ಮೆಯೂ ಫೋನ್ ಮಾಡಿದವರಲ್ಲ ಎಂಬುದಂತೂ ಖಚಿತ. ಚಿಕ್ಕಮಗಳೂರಿಗೂ ಮೂಡಿಗೆರೆಗೂ ನಡುವಣ ಕಾಫಿ ಸೀಮೆಯಲ್ಲಿ ಹಾಂದಿ ಎಂಬ ಊರಿದ್ದು, ಅದರ ಮಗ್ಗುಲಲ್ಲೇ ನಮ್ಮ ಸಣ್ಣ ತೋಟವಿದೆ. ಊರಿನ ಹೆಸರನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ನನ್ನ ಕಷ್ಟವೆಲ್ಲ ಆ ಎರಡು ಅಕ್ಷರಗಳಲ್ಲಿ ಅಡಗಿದೆ.

ದೀಪಾವಳಿಗೆ ಬೆಂಗಳೂರಿನಿಂದ ಬಂದ ಮಗ ಹೊಸ ಸ್ಮಾರ್ಟ್‌ಫೋನೊಂದನ್ನು ನನ್ನ ಕೈಗಿಟ್ಟು, ‘ಅಪ್ಪಾ, ಇನ್ನು ನೀವು ಕನ್ನಡಕ ಹುಡುಕಬೇಕಾಗಿಲ್ಲ, ನಂಬರ್ ಒತ್ತಬೇಕಾಗಿಲ್ಲ, ಬಾಯಲ್ಲಿ ಹೇಳಿದರೆ ಸಾಕು, ಅದೇ ಫೋನ್ ಮಾಡುತ್ತದೆ’ ಎಂದ. ಮನೆಯಲ್ಲಿ ನನ್ನ ಮಾತನ್ನು ಕೇಳುವವರು ಯಾರೂ ಇಲ್ಲದಿರುವಾಗ ಯಂತ್ರವಾದರೂ ಕೇಳುವುದಾದರೆ ಬೇಡವೆನ್ನುವುದುಂಟೆ? ಡಿಸೆಂಬರಿನ ಒಂದು ಮಧ್ಯಾಹ್ನ ಕಣದಲ್ಲಿ ಕಾಫಿ ಹರಡಿತ್ತು. ಅಕಾಲದ ಮೋಡ ಗುಡ್ಡದ ಕಡೆಯಿಂದ ಏರಿ ಬರುತ್ತಿತ್ತು. ನಾನು ಫೋನನ್ನು ಎತ್ತಿ ಹಿಡಿದು, ಸ್ಪಷ್ಟ ಉಚ್ಚಾರದಿಂದ, ‘ರೈಟರಿಗೆ ಫೋನ್ ಮಾಡು’ ಎಂದು ಅಪ್ಪಣೆ ಕೊಟ್ಟೆ.

ರೈಟರೆಂದರೆ ಯಾರೆಂದು ಕಾಫಿ ಸೀಮೆಯವರಿಗೆ ಹೇಳಬೇಕಾಗಿಲ್ಲ. ಆಳುಗಳ ಹಾಜರಿ ಬರೆಯುವ, ವಾರದ ಬಟವಾಡೆಯ ಲೆಕ್ಕ ಇಡುವ, ಮರಗಸಿಯ ಕಾಲದಲ್ಲಿ ಯಾವ ಕೊಂಬೆ ಉಳಿಯಬೇಕು ಯಾವುದು ಹೋಗಬೇಕು ಎಂದು ಕೆಳಗೆ ನಿಂತು ಕೂಗುವ ಮನುಷ್ಯ ಅವರು. ನನ್ನ ಫೋನಿಗೆ ಆ ತಿಳಿವಳಿಕೆ ಇರಲಿಲ್ಲ. ‘ಕನ್ನಡದ ಲೇಖಕರ ಬಗ್ಗೆ ನನಗೆ ದೊರೆತ ಮಾಹಿತಿ ಇಲ್ಲಿದೆ’ ಎಂದು ಅದು ಇಂಪಾಗಿ ಉಲಿದು, ಜ್ಞಾನಪೀಠ ಪ್ರಶಸ್ತಿ ಪಡೆದ ನಮ್ಮ 8 ಮಂದಿ ಸಾಹಿತಿಗಳ ಪಟ್ಟಿಯನ್ನು ಭಾವಚಿತ್ರಗಳ ಸಮೇತ ಮುಂದಿಟ್ಟಿತು. ನಾನು ಎರಡನೆಯ ಸಲ ಹೇಳಿದೆ. ಮೂರನೆಯ ಸಲ ಕೂಗಿದೆ. ಅಷ್ಟರಲ್ಲಿ ಮಳೆ ಬಂದು ಕಾಫಿ ನೆನೆಯಿತು. ಎಂಟು ಮಂದಿಯಲ್ಲಿ ಒಬ್ಬರೂ ಟಾರ್ಪಾಲು ಹಿಡಿದುಕೊಂಡು ಬರಲಿಲ್ಲ.

ಇದರಲ್ಲಿ ಯಂತ್ರದ್ದೊಂದೇ ತಪ್ಪೆಂದು ಹೇಳಿದರೆ ಅನ್ಯಾಯವಾದೀತು. 1952ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ‘ಆಡ್ರಿ’ ಎಂಬ ಯಂತ್ರವನ್ನು ಕಟ್ಟಿದಾಗ, ಅದಕ್ಕೆ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳ ಹೊರತು ಬೇರೇನೂ ತಿಳಿಯುತ್ತಿರಲಿಲ್ಲ, ಅದೂ ಪರಿಚಿತ ಧ್ವನಿಯಾದರೆ ಮಾತ್ರ ಚೆನ್ನಾಗಿ ತಿಳಿಯುತ್ತಿತ್ತು. ಅಲ್ಲಿಂದ 2011ರಲ್ಲಿ ಐಫೋನಿನೊಳಗೆ ‘ಸಿರಿ’ ಪ್ರತಿಷ್ಠಾಪನೆಯಾಗುವವರೆಗೆ, 2017ರಲ್ಲಿ ಗೂಗಲ್‌ನವರು ಕನ್ನಡದಲ್ಲಿ ಹೇಳಿದ್ದನ್ನು ಬರೆದುಕೊಳ್ಳಲು ಫೋನಿಗೆ ಕಲಿಸುವವರೆಗೆ, ವಿದ್ವಾಂಸರು ಪಟ್ಟ ಪಾಡು ಸಣ್ಣದಲ್ಲ. ಆದರೆ ನಮ್ಮ ಭಾಷೆಯೂ ಸುಮ್ಮನಿರುವ ಭಾಷೆಯಲ್ಲ. ಫೋನಿನಲ್ಲಿ ‘ಪುಟ್ಟಣ್ಣ’ ಎಂದು ಬರೆದಿಟ್ಟವನನ್ನು ನಾವು ಪುಟ್ಟಣ್ಣನಿಗೆ, ಪುಟ್ಟಣ್ಣನ ಹತ್ರ, ಪುಟ್ಟಣ್ಣನ ಹೆಂಡತಿಗೆ ಎಂದು ನೂರು ಬಗೆಯಲ್ಲಿ ಬಾಗಿಸುತ್ತೇವೆ. ಏನು ಮಾಡಬೇಕೆಂಬುದನ್ನು ವಾಕ್ಯದ ಕಟ್ಟಕಡೆಗೆ ಹೇಳುತ್ತೇವೆ. ನಡುವೆ ಎಲೆಯಡಿಕೆಯ ರಸ ನುಂಗಲು ಒಂದು ಕ್ಷಣ ನಿಲ್ಲುತ್ತೇವೆ. ಆ ಒಂದು ಕ್ಷಣದ ಮೌನವೇ ಸಾಕು, ಮಾತು ಮುಗಿಯಿತೆಂದು ಯಂತ್ರ ತೀರ್ಮಾನಿಸಿ ಕಾರ್ಯಪ್ರವೃತ್ತವಾಗುತ್ತದೆ. ನಮ್ಮ ಚಿಕ್ಕಮ್ಮನಂತೂ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ‘ತಾಯಿ, ಊಟ ಆಯ್ತಾ? ನಮ್ಮ ಶಂಕ್ರನಿಗೆ ಒಂದು ಫೋನ್ ಮಾಡಿಕೊಡವ್ವ, ಮೊನ್ನೆ ಜ್ವರ ಅಂದಿದ್ದ’ ಎಂದು ಕೇಳಿಕೊಂಡರು. ಫೋನು ಹತ್ತಿರದ ಹೋಟೆಲುಗಳನ್ನು ತೋರಿಸಿತು.

ವಾಸ್ತವವಾಗಿ ಬಾಯಲ್ಲಿ ಹೇಳಿ ಫೋನ್ ಮಾಡಿಸುವುದು ಹೊಸ ವಿದ್ಯೆಯೆಂದು ನನ್ನ ಮಗನ ಪ್ರಾಯದವರು ತಿಳಿದಿರುವುದೇ ಒಂದು ತಮಾಷೆ. ನನ್ನ ಬಾಲ್ಯದಲ್ಲಿ ಮಲೆನಾಡಿನ ಸಣ್ಣ ಎಕ್ಸ್‌ಚೇಂಜುಗಳಲ್ಲಿ ಇದ್ದದ್ದು ಅದೊಂದೇ ವಿದ್ಯೆ. ರಿಸೀವರ್ ಎತ್ತಿದರೆ ಆಪರೇಟರಮ್ಮನ ಧ್ವನಿ ಕೇಳಿಸುತ್ತಿತ್ತು. ನಂಬರನ್ನೂ ಹೇಳಬೇಕಾಗಿರಲಿಲ್ಲ, ‘ಡಾಕ್ಟರಿಗೆ ಕೊಡಮ್ಮ’ ಎಂದರೆ ಸಾಕಿತ್ತು. ‘ಡಾಕ್ಟರು ಈಗಷ್ಟೇ ಕಡೂರಿಗೆ ಮದುವೆಗೆ ಹೋದರಲ್ಲ, ಯಾರಿಗೆ ಹುಷಾರಿಲ್ಲ?’ ಎಂದು ಆಕೆ ಕೇಳಿ, ಕಷಾಯವೊಂದನ್ನೂ ಹೇಳಿಕೊಡುತ್ತಿದ್ದರು. ಇಷ್ಟೊಂದು ಅರ್ಥಮಾಡಿಕೊಳ್ಳುವ ಸಹಾಯಕಿಯನ್ನು ಇಂದಿಗೂ ಯಾವ ಕಂಪನಿಯೂ ತಯಾರಿಸಿಲ್ಲ. ಆಕೆ ನಮ್ಮ ಮಾತನ್ನು ಕದ್ದು ಕೇಳುತ್ತಿದ್ದರೆಂಬುದು ನಿಜ. ಹೊಸ ಫೋನಿನ ಮೇಲೂ ಜನರಿಗೆ ಇರುವ ಗುಮಾನಿ ಅದೇ ಆಗಿರುವುದರಿಂದ ಆ ಒಂದು ಪರಂಪರೆಯಂತೂ ಮುಂದುವರಿದಿದೆ ಎನ್ನಬೇಕು.

ಆಪರೇಟರಮ್ಮನನ್ನು ಮೊದಲು ತೆಗೆದುಹಾಕಿದವನು ಆಲ್ಮನ್ ಸ್ಟ್ರೋಜರ್ ಎಂಬ ಅಮೆರಿಕದವನು. ಅವನ ಕಸುಬು ಹೆಣಗಳ ಅಂತ್ಯಕ್ರಿಯೆಯ ಏರ್ಪಾಟು. ಊರಿನಲ್ಲಿ ಸತ್ತವರ ಮನೆಯವರು ತನಗೆ ಮಾಡುವ ಫೋನುಗಳನ್ನು ಆಪರೇಟರ್ ತನ್ನ ಎದುರಾಳಿ ವ್ಯಾಪಾರಿಗೆ ತಿರುಗಿಸುತ್ತಿದ್ದಾಳೆಂಬ ಸಂಶಯ ಅವನ ತಲೆ ಹೊಕ್ಕು, ನಡುವೆ ಮನುಷ್ಯರೇ ಬೇಡವೆಂದು ಹಟ ಹಿಡಿದು, 1891ರಲ್ಲಿ ಸ್ವಯಂಚಾಲಿತ ಎಕ್ಸ್‌ಚೇಂಜಿಗೆ ಪೇಟೆಂಟ್ ಪಡೆದನೆಂಬುದು ಪ್ರತೀತಿ. ನಮ್ಮ ದೇಶದಲ್ಲಿ 1960ರಲ್ಲಿ ಕಾನ್ಪುರಕ್ಕೂ ಲಖನೌಗೂ ನಡುವೆ ಎಸ್‌ಟಿಡಿ, ಅಂದರೆ ಆಪರೇಟರ್ ಇಲ್ಲದೆ ನೇರವಾಗಿ ಪರವೂರಿಗೆ ಡಯಲ್ ಮಾಡುವ ಸೌಕರ್ಯ, ಬಂದಾಗ ದೂರದ ಕರೆಗಳಲ್ಲಿ ನಾವೂ ಆ ದಾರಿ ಹಿಡಿದೆವು. ಒಟ್ಟಿನಲ್ಲಿ, ಫೋನಿನಲ್ಲಿ ಮನುಷ್ಯರನ್ನು ಮಾತನಾಡಿಸುವ ಪದ್ಧತಿಗೆ ಅಂತ್ಯಕ್ರಿಯೆ ನಡೆಸಿದವನು ಆ ಕೆಲಸದಲ್ಲಿ ಚೆನ್ನಾಗಿ ಪಳಗಿದವನೇ ಆಗಿದ್ದ.

ಈ ಆಷಾಢದಲ್ಲಿ ಮರ ಬಿದ್ದು ಮೂರು ದಿನ ಕರೆಂಟು ಇರಲಿಲ್ಲ. ಕರೆಂಟು ಹೋದ ಕೆಲವೇ ಗಂಟೆಗಳಲ್ಲಿ ಟವರಿನ ಬ್ಯಾಟರಿ ಮಲಗಿತು. ಜನರೇಟರಿಗೆ ಡೀಸೆಲ್ ಹಾಕುವವರು ಬರಲಿಲ್ಲ. ಫೋನಿನ ಕಡ್ಡಿಗಳು ಒಂದೊಂದಾಗಿ ಆರಿದವು. ಮಲೆನಾಡಿನಲ್ಲಿ ಇದು ಮಳೆಯಷ್ಟೇ ಮಾಮೂಲು. ಬಾಯಲ್ಲಿ ಹೇಳಿದರೆ ಸಾಕೆಂಬ ಯಂತ್ರಕ್ಕೆ ಹೇಳಿ ನೋಡಿದೆ. ‘ಇಂಟರ್‌ನೆಟ್ ಸಂಪರ್ಕವನ್ನು ಪರಿಶೀಲಿಸಿ’ ಎಂದಿತು. ನೆಟ್‌ವರ್ಕ್ ಇಲ್ಲವೆಂದು ದೂರು ಕೊಡಬೇಕಾದರೆ ನೆಟ್‌ವರ್ಕ್ ಇರಲೇಬೇಕೆಂಬ ಈ ನಿಯಮವನ್ನು ರೂಪಿಸಿದವರಿಗೆ, ಬಾವಿಗೆ ಬಿದ್ದವರು ಅರ್ಜಿಯನ್ನು ದಡದ ಮೇಲೆ ನಿಂತು ಬರೆದುಕೊಡಬೇಕೆಂದು ಹೇಳಲೂ ಸಂಕೋಚವಾಗಲಾರದು.

ಕೊಡೆ ಹಿಡಿದು, ಜಿಗಣೆಗಳಿಗೆ ಸುಣ್ಣ ಸವರಿಕೊಂಡು, ತೋಟದ ಮೇಲಿನ ಗುಡ್ಡ ಹತ್ತಿದೆ. ಎಲ್ಲಿಂದಲೋ ಎರಡು ಕಡ್ಡಿ ಬಂದವು. 198ಕ್ಕೆ ಫೋನ್ ಮಾಡಿದೆ. ದೂರಿಗೆಂದೇ ಇರುವ ಸಂಖ್ಯೆ ಅದು. ಮೊದಲು ಹೊಸ ಯೋಜನೆಯೊಂದರ ಗುಣಗಾನವಾಯಿತು, ಬಳಿಕ ಭಾಷೆಯ ಆಯ್ಕೆಯಾಯಿತು. (2020ರ ಮಾರ್ಚಿನಲ್ಲಿ ಯಾರಿಗೆ ಫೋನ್ ಮಾಡಿದರೂ ಮೊದಲು ಕೆಮ್ಮು ಕೇಳಿಸುತ್ತಿದ್ದ ಕಾಲದಿಂದಲೂ, ಹೇಳಬೇಕಾದವನು ಮೊದಲು ಕೇಳಬೇಕೆಂಬ ಶಿಸ್ತು ನಮಗೆ ರೂಢಿಯಾಗಿದೆ.) ಕೊನೆಗೆ ಹೆಣ್ಣು ಧ್ವನಿಯೊಂದು, ‘ಬೀಪ್ ಶಬ್ದದ ನಂತರ ನಿಮ್ಮ ಊರಿನ ಹೆಸರನ್ನು ಹೇಳಿ’ ಎಂದಿತು.

‘ಹಾಂದಿ’ ಎಂದೆ.

‘ನೀವು ಹಂದಿ ಎಂದಿರಿ. ಇದು ಸರಿಯೇ?’

‘ಹಾಂದಿ, ತಾಯಿ! ಹಾಂದಿ!’

‘ಹಾಂ ಎಂದಿರಿ. ಧನ್ಯವಾದಗಳು. ನಿಮ್ಮ ಊರನ್ನು ಹಂದಿ ಎಂದು ದಾಖಲಿಸಲಾಗಿದೆ.’

ಪ್ರತಿನಿಧಿಯೊಂದಿಗೆ ಮಾತನಾಡಲು ಒಂಬತ್ತನ್ನು ಒತ್ತಿ ಎಂದದ್ದಕ್ಕೆ ಒತ್ತಿದೆ. ನನ್ನ ಕರೆ ಅವರಿಗೆ ಅಮೂಲ್ಯವೆಂದು ನಿಮಿಷಕ್ಕೊಮ್ಮೆ ತಿಳಿಸುತ್ತ, ಆ ಅಮೂಲ್ಯ ವಸ್ತುವನ್ನು ಯಾರೂ ಮುಟ್ಟದಂತೆ ಹದಿನೈದು ನಿಮಿಷ ಜೋಪಾನವಾಗಿಟ್ಟರು. ಬಳಿಕ ಬಂದ ಹುಡುಗ ಬಹಳ ವಿನಯವಂತ. ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡುವಂತೆ ಸೂಚಿಸಿದ. ಅವನೊಡನೆ ಮಾತನಾಡುತ್ತಿರುವುದೂ ಅದೇ ಫೋನಿನಲ್ಲಲ್ಲವೇ ಎಂದು ನಾನು ಕೇಳುವಷ್ಟರಲ್ಲಿ ಮೋಡ ಇಳಿದು ಎರಡು ಕಡ್ಡಿಗಳೂ ಹೋದವು.

ಇಂಥ ಸೇವೆಗಳ ಇನ್ನೊಂದು ಫಲವನ್ನು ಇಲ್ಲಿಯೇ ಹೇಳಬೇಕು. ಮನುಷ್ಯರಂತೆ ಮಾತನಾಡಲು ಯಂತ್ರಕ್ಕೆ ಇಷ್ಟು ವರ್ಷ ಹಿಡಿಯಿತಾದರೂ, ಯಂತ್ರದಂತೆ ಮಾತನಾಡಲು ಮನುಷ್ಯರಿಗೆ ಎರಡು ವರ್ಷವೂ ಬೇಕಾಗಿಲ್ಲ. ನಮ್ಮ ಪಕ್ಕದ ತೋಟದ ಗೌಡರು ಗ್ಯಾಸ್, ಬ್ಯಾಂಕು, ಕೊರಿಯರ್ ಎಂದು ಹಗಲೆಲ್ಲ ಈ ಧ್ವನಿಗಳಿಗೆ ಉತ್ತರಿಸಿ ಉತ್ತರಿಸಿ ಎಷ್ಟು ಪಳಗಿದ್ದಾರೆಂದರೆ, ಮೊನ್ನೆ ಅವರ ಮನೆಗೆ ಹೋದಾಗ ಒಳಗೆ ತಿರುಗಿ, ‘ಕಾಫಿ. ಎರಡು. ಒಂದಕ್ಕೆ ಸಕ್ಕರೆ ಬೇಡ’ ಎಂದು ಪದಪದಕ್ಕೂ ನಿಲ್ಲಿಸಿ ಹೇಳಿ, ಉತ್ತರಕ್ಕಾಗಿ ಕಾದರು. ‘ಹಾಲು ಒಡೆದಿದೆ’ ಎಂದು ಅವರ ಮನೆಯವರು ಒಳಗಿನಿಂದ ಹೇಳಿದ್ದು ಅವರಿಗಿದ್ದ ಆಯ್ಕೆಗಳಲ್ಲಿ ಇರಲಿಲ್ಲವೆಂದು ತೋರುತ್ತದೆ. ಅದನ್ನೇ ಮತ್ತೊಮ್ಮೆ ಹೇಳಿದರು.

ನಾನು ಗುಡ್ಡದಿಂದ ಇಳಿಯುವ ಹೊತ್ತಿಗೆ ರೈಟರು ಕಂಬಳಿಕೊಪ್ಪೆ ಹಾಕಿಕೊಂಡು ಗೇಟಿನ ಬಳಿ ನಿಂತಿದ್ದರು. ಟವರಿಗೆ ಡೀಸೆಲ್ ಹಾಕುವ ಹುಡುಗ ಆಲ್ದೂರಿನಲ್ಲಿ ತನ್ನ ಭಾವನ ಮನೆಯಲ್ಲಿದ್ದಾನೆಂದು ಯಾರೋ ಬಸ್ಸಿನವರು ಹೇಳಿದ್ದರಂತೆ. ‘ಒಂದು ಮಾತು ಹೇಳಿ ಬರಲಾ ಸಾಹೇಬ್ರೇ?’ ಎಂದು ಕೇಳಿ, ಬೈಕು ಏರಿ ಹೋದರು. ಸಂಜೆ ಐದರ ಹೊತ್ತಿಗೆ ಪಿಕಪ್ಪೊಂದರಲ್ಲಿ ಡೀಸೆಲ್ ಕ್ಯಾನುಗಳು ಬಂದವು; ಜನರೇಟರು ಎರಡು ಸಲ ಕೆಮ್ಮಿ ಎದ್ದುಕೊಂಡಿತು; ಊರಿನ ಫೋನುಗಳೆಲ್ಲ ಮೂರು ದಿನದ ಮೆಸೇಜುಗಳನ್ನು ಒಟ್ಟಿಗೇ ಕಾರಿಕೊಂಡವು. ನನಗೆ ಬಂದದ್ದರಲ್ಲಿ ಒಂದು, ಹಂದಿಯಲ್ಲಿನ ನೆಟ್‌ವರ್ಕ್ ತೊಂದರೆಯನ್ನು ಸಂಬಂಧಪಟ್ಟ ವಿಭಾಗದ ಗಮನಕ್ಕೆ ತರಲಾಗಿದೆ ಎಂಬುದು.

ಅದನ್ನು ಓದಿ ಮುಗಿಸುವಷ್ಟರಲ್ಲಿ ಫೋನು ಬಡಿದುಕೊಂಡಿತು. ಅದೇ ಹೆಣ್ಣು ಧ್ವನಿ. ‘ನಿಮ್ಮ ದೂರನ್ನು ಪರಿಹರಿಸಲಾಗಿದೆ. ನಮ್ಮ ಸೇವೆ ನಿಮಗೆ ತೃಪ್ತಿ ತಂದಿದೆಯೇ? ಹೌದು ಅಥವಾ ಇಲ್ಲ ಎಂದು ಹೇಳಿ.’ ಡೀಸೆಲ್, ಆಲ್ದೂರು, ಭಾವನ ಮನೆ, ರೈಟರ ಬೈಕು, ಎಲ್ಲವನ್ನೂ ಮೊದಲಿನಿಂದ ತಿಳಿಸಿಬಿಡೋಣವೆಂದು ಗಂಟಲು ಸರಿಮಾಡಿಕೊಂಡು, ‘ಹಾಂದಿಯಿಂದ ಮಾತಾಡ್ತಿದ್ದೇನೆ ತಾಯಿ, ಇಲ್ಲಿ...’ ಎಂದು ಆರಂಭಿಸಿದೆ.

‘ಹಾಂ ಎಂದಿರಿ. ಧನ್ಯವಾದಗಳು’ ಎಂದು ಅದು ಫೋನಿಟ್ಟಿತು.