ನಮ್ಮ ಕಡೆಯ ಮಾತು ಬರೀ ಕಾಮಿಡಿಗಾ?
ಆಡುಮಾತಿನ ಸಿನಿಮಾ ಬೇರೆ ಜಿಲ್ಲೆಯವರಿಗೆ ಹಿಡಿಸುವುದಿಲ್ಲ ಎಂದು ಬರೆದಿದ್ದೀರಿ, ನಾನು ಒಪ್ಪುವುದಿಲ್ಲ ಸರ್. ಮೊನ್ನೆ ವಿಜಯಪುರದಲ್ಲಿ ಮನೆಮಂದಿಯೆಲ್ಲ ಕೂತು ‘ಸು ಫ್ರಮ್ ಸೋ’ ನೋಡಿದೆವು. ಪೂರ್ತಿ ಕರಾವಳಿ ಕನ್ನಡ, ಆದರೂ ನಮ್ಮ ಅವ್ವ ಒಂದು ಸಲವೂ ಏನಂದರು ಎಂದು ಕೇಳಲಿಲ್ಲ, ಬಿದ್ದು ಬಿದ್ದು ನಕ್ಕಳು. ನಿರ್ದೇಶಕ ಜೆ.ಪಿ. ತುಮಿನಾಡು ಊರಿನ ಜನರನ್ನು ಅಷ್ಟು ಚೆನ್ನಾಗಿ ತೋರಿಸಿದ್ದಾರೆ. 2016ರಲ್ಲಿ ತೆರೆಕಂಡ ‘ತಿಥಿ’ಯೂ ಹಾಗೇ ಅಲ್ವಾ? ನಟನೆ ಕಲಿಯದ ಮಂಡ್ಯದ ಹಳ್ಳಿಯವರು ತಮ್ಮ ಮಾತನ್ನೇ ಆಡಿದರು.

ನನ್ನ ಬೇಜಾರು ಬೇರೆ. ನಮ್ಮ ಉತ್ತರ ಕರ್ನಾಟಕದ ಕಡೆಯ ಭಾಷೆ ಸಿನಿಮಾದಲ್ಲಿ ಬಂದರೆ ಜಾಸ್ತಿ ಕಾಮಿಡಿ ಪಾತ್ರಕ್ಕೇ, ಅದೂ ಸುಮ್ನೆ ‘ಲೇ ಮಗನ’ ಎಂದು ಕೂಗೋಕೆ. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿಗೆ ಮನೆ ಬಿಟ್ಟು ಹೊಸದಾಗಿ ಕಟ್ಟಿದ ನವನಗರ ಸೇರಿದ ಬಾಗಲಕೋಟೆಯವರ ನೋವನ್ನು ಯಾರಾದರೂ ಇದೇ ಮಾತಲ್ಲಿ ಸಿನಿಮಾ ಮಾಡಲಿ, ಮೊದಲ ದಿನವೇ ನೋಡುತ್ತೇವೆ.